ಒಂದು ಮೊಳೆ, ಎರಡು ಡೆವಲಪರ್

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ನಮ್ಮ ದೊಡ್ಡಳಿಯನಿಗೆ ಮಾತ್ರ ಅದಕ್ಕೆ ಎರಡು ಮದ್ದು ಗೊತ್ತಿದ್ದವು. ಎರಡನ್ನೂ ಕಂದು ಬಾಟಲಿಗಳಲ್ಲಿ ತುಂಬಿ ಬಚ್ಚಲುಮನೆಯ ಗೂಡಿನಲ್ಲಿ ಇಟ್ಟುಕೊಂಡಿದ್ದ.

ಅವನು ವಿಮಾ ಕಚೇರಿಯ ಹೆಡ್ ಗುಮಾಸ್ತ. ಮದುವೆಗೆ ಮುಂಚಿನಿಂದಲೂ ಕಪ್ಪು-ಬಿಳುಪು ಫೋಟೋದ ಹುಚ್ಚು. ಫಿಲಮ್ಮನ್ನು ಅಂಗಡಿಗೆ ಕೊಡುವ ಜಾತಿಯವನಲ್ಲ. ಬಚ್ಚಲ ಕಿಟಕಿಗೆ ಕಂಬಳಿ ಹೊದಿಸಿ, ಬಾಗಿಲು ಹಾಕಿಕೊಂಡು ತಾನೇ ತೊಳೆಯುವವನು. (ಆ ಹೊತ್ತಿನಲ್ಲಿ ಹೆಂಡತಿಯಾದವಳು ಸ್ನಾನ, ಬಟ್ಟೆ ಒಗೆಯುವುದು ಮುಂತಾದ ಐಹಿಕ ಆಸೆಗಳನ್ನೆಲ್ಲ ತ್ಯಜಿಸಿರಬೇಕು.) ಇಷ್ಟು ವರ್ಷ ಇಷ್ಟು ತಪಸ್ಸು ಮಾಡಿದವನನ್ನು ಬಿಟ್ಟು ಅತ್ತೆ ಹೊಗಳುತ್ತಿದ್ದುದು ಯಾರನ್ನು? ಚಿಕ್ಕಳಿಯನನ್ನು! ಹೆಂಡತಿಯ ತಂಗಿಯ ಗಂಡ, ಹಲ್ಲಿನ ಡಾಕ್ಟರು, ಕ್ಯಾಮೆರಾ ಕೊಂಡದ್ದೇ ಮೊನ್ನೆ ಮೊನ್ನೆ. ಅವನು ತೆಗೆದ ಮಸುಕು ಫೋಟೋ ನೋಡಿಯೂ ಅತ್ತೆ, "ಆಹಾ, ಏನು ಕಳೆ!" ಎನ್ನುತ್ತಿದ್ದರು. ದೊಡ್ಡಳಿಯನ ಫೋಟೋ ನೋಡಿದರೆ, "ಪರವಾಗಿಲ್ಲ, ಕಾಗದ ಒಳ್ಳೇದು" ಎನ್ನುತ್ತಿದ್ದರು. ಆ 'ಪರವಾಗಿಲ್ಲ' ಅವನ ಎದೆಯಲ್ಲಿ ಮುಳ್ಳಾಗಿ ಮುರಿದು ಕೂತಿತ್ತು.

ಹೀಗಿರುವಾಗ ಅತ್ತೆಯ ಮನೆಯ ನಡುಮನೆಯ ಹಳೆಯ ಗಡಿಯಾರ ಬಿದ್ದು ಒಡೆಯಿತು. ಮೊಳೆ ಖಾಲಿಯಾಯಿತು. ಅತ್ತೆ ನಿವೃತ್ತ ಹೆಡ್‌ಮಿಸ್. ಖಾಲಿ ಜಾಗ ಕಂಡಲ್ಲಿ ಪರೀಕ್ಷೆ ಇಡುವುದು ಅವರ ಹುಟ್ಟುಗುಣ.

"ಇಬ್ಬರೂ ನನ್ನ ಫೋಟೋ ತೆಗೀರಿ. ಯಾರದು ನನಗೆ ಒಪ್ಪಿಗೆ ಆಗುತ್ತೋ ಅದು ಆ ಮೊಳೆಗೆ. ಫ್ಲಾಶ್ ಹೊಡೆದ್ರೆ ಮಾತ್ರ ಎದ್ದು ಹೋಗ್ತೀನಿ, ನನಗೆ ಕಣ್ಣು ಕುಕ್ಕುತ್ತೆ."

ಫ್ಲಾಶ್ ಇಲ್ಲ, ಮುಸ್ಸಂಜೆ, ಇರುವುದೊಂದೇ ಕಿಟಕಿ. ಅಷ್ಟು ಮಂದ ಬೆಳಕನ್ನು ಹಿಡಿಯಲು ಹೈಸ್ಪೀಡ್ ಫಿಲಮ್ಮೇ ಬೇಕು. ಇಬ್ಬರೂ ಅದನ್ನೇ ತಂದರು. ಅತ್ತೆ ಕುರ್ಚಿಯಲ್ಲಿ ಕೂತರು. ಒಳ್ಳೆಯ ಕೋನ ಒಂದೇ ಇದ್ದದ್ದರಿಂದ, ಅದನ್ನು ಒಬ್ಬನಿಗೊಬ್ಬ ಬಿಟ್ಟುಕೊಡದೆ ಅಳಿಯಂದಿರು ಭುಜಕ್ಕೆ ಭುಜ ಒತ್ತಿ ನಿಂತರು.

"ಏನ್ರಪ್ಪಾ, ಬಸ್ಸಿಗೆ ನಿಂತ ಹಾಗೆ ನಿಂತಿದೀರಿ?" ಎಂದು ಅತ್ತೆ ಗದರಿದರು. ಇಬ್ಬರೂ ಆ ಕ್ಷಣವನ್ನೇ ಕ್ಲಿಕ್ಕಿಸಿದರು.

ಮುಗಿದ ಮೇಲೆ ಚಿಕ್ಕಳಿಯ ತನ್ನ ರೋಲನ್ನು ದೊಡ್ಡಳಿಯನ ಕೈಗಿಟ್ಟ. "ಭಾವ, ನನ್ನದನ್ನೂ ನೀವೇ ತೊಳೆದುಬಿಡಿ. ನಿಮ್ಮ ಕೈಗುಣ ಯಾರಿಗಿದೆ?"

"ಯಾವ ಡೆವಲಪರ್ ಹಾಕಲಪ್ಪಾ?"

"ನನಗೇನು ಗೊತ್ತು? ಹಲ್ಲಿಗೆ ಯಾವ ಇಂಜೆಕ್ಷನ್ ಅಂತ ನಾನು ನಿಮ್ಮನ್ನ ಕೇಳ್ತೀನಾ? ನಿಮಗೆ ಸರಿ ಕಂಡದ್ದು ಹಾಕಿ."

ದೊಡ್ಡಳಿಯನಿಗೆ ಏನು ಸರಿ ಕಂಡಿತೆಂಬುದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ಗೂಡಿನಲ್ಲಿದ್ದ ಎರಡು ಡೆವಲಪರ್‌ಗಳಿಗೆ, ಎಂದರೆ ಫಿಲಮ್ಮು ತೊಳೆಯುವ ದ್ರಾವಣಗಳಿಗೆ, ಅವನು ಸಾಧು, ರಾಕ್ಷಸ ಎಂದು ಹೆಸರಿಟ್ಟಿದ್ದ. ಸಾಧು ನಿಧಾನ, ಮೃದು. ಫೋಟೋದಲ್ಲಿ ಚುಕ್ಕೆಚುಕ್ಕೆಯಾಗಿ ಏಳುವ ಕಾಳನ್ನೆಲ್ಲ ಕರಗಿಸಿ ಮುಖವನ್ನು ಬೆಣ್ಣೆ ಮಾಡುತ್ತದೆ. ರಾಕ್ಷಸನದು ಅಬ್ಬರ, ಹೈಸ್ಪೀಡ್ ಫಿಲಮ್ಮಿನಲ್ಲಿ ಮೊದಲೇ ಇರುವ ಕಾಳನ್ನು ಎಬ್ಬಿಸಿ, ಮುಖದ ಮೇಲೆ ಎಳ್ಳು ಚೆಲ್ಲಿದ ಹಾಗೆ ಮಾಡಿಬಿಡುತ್ತದೆ. ಸಾಧು ತನಗೆ, ರಾಕ್ಷಸ ಷಡ್ಡಕನಿಗೆ! ಯಾರಾದರೂ ಕೇಳಿದರೆ, "ಏನ್ಮಾಡೋದು, ಹೈಸ್ಪೀಡ್ ಫಿಲಮ್ಮಿನ ಹಣೆಬರಹವೇ ಅಷ್ಟು" ಎಂದರಾಯಿತು. ಹಾವು ಸಾಯಬೇಕು, ಕೋಲು ಮುರಿಯಬಾರದು.

ಮರುದಿನ ಬಚ್ಚಲು ಕತ್ತಲಾಯಿತು. ಬಾಗಿಲಿಗೆ ಮುಖ ಮಾಡಿ ಕೂತು, ಮುಂದೆ ಮಣೆಯಿಟ್ಟು, ಒಂದೇ ತರಹದ ಎರಡು ಡಬ್ಬಿಗಳಿಗೆ ಫಿಲಮ್ಮು ಸುತ್ತಿ ಮುಚ್ಚಳ ಬಿಗಿದ. ಮಣೆಯ ಮೇಲೆ ಬಲಗಡೆ ತನ್ನದು, ಎಡಗಡೆ ಷಡ್ಡಕನದು. ಹೆಸರು ಬರೆದು ಅಂಟಿಸುವುದೆಲ್ಲ ಹೊಸಬರ ಕೆಲಸ. ಅಷ್ಟರಲ್ಲಿ ಬಾಗಿಲು ದಡಬಡ ಎಂದಿತು.

"ರೀ, ಬಕೆಟ್ ಕೊಡ್ರೀ! ಎಷ್ಟು ಹೊತ್ತು ನಿಮ್ಮ ಮಂತ್ರ-ತಂತ್ರ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವಳೆಲ್ಲಿ ನುಗ್ಗಿ ಎರಡು ಬಾಟಲಿಯ ಗುಟ್ಟು ಕೇಳಿಬಿಡುತ್ತಾಳೋ ಎಂದು ಮಣೆ ದಾಟಿ ಜಿಗಿದು ಬಾಗಿಲಿಗೆ ಬೆನ್ನು ಕೊಟ್ಟು ಕೂತ. ದೀಪ ಹಾಕಿದ. ಅಲ್ಲಿಂದಲೇ ಬಲಗಡೆಯ ಡಬ್ಬಿಗೆ ಸಾಧುವನ್ನೂ ಎಡಗಡೆಯದಕ್ಕೆ ರಾಕ್ಷಸನನ್ನೂ ಭಕ್ತಿಯಿಂದ ಹೊಯ್ದ.

ಫಿಲಮ್ಮು ಒಣಗಿದ್ದೇ ತಡ, ಎರಡರ ಕೊನೆಯ ತುಂಡನ್ನಷ್ಟೇ ಕತ್ತರಿಸಿ, ಅತ್ತೆಯ ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟು ಹಾಕಿದ. ಒಂದು ಬೆಣ್ಣೆ, ಇನ್ನೊಂದು ಎಳ್ಳು. ಎಣಿಸಿದ ಹಾಗೆಯೇ! ಭಾನುವಾರ ಶಿಳ್ಳೆ ಹಾಕುತ್ತ ಅತ್ತೆಯ ಮನೆಗೆ ಹೋಗಿ, "ಇದು ನನ್ನದು, ಇದು ಡಾಕ್ಟರದು" ಎಂದು ಎರಡನ್ನೂ ಮೇಜಿನ ಮೇಲಿಟ್ಟ.

ಅತ್ತೆ ಕನ್ನಡಕ ಏರಿಸಿ ಬೆಣ್ಣೆಯನ್ನು ನೋಡಿದರು. "ಇದ್ಯಾರು, ಮೇಣದ ಗೊಂಬೆ? ಸೀರೆಯೆಲ್ಲ ಕತ್ತಲಲ್ಲಿ ಮುಳುಗಿದೆ. ಪರವಾಗಿಲ್ಲ, ಕಾಗದ ಒಳ್ಳೇದು." ಆಮೇಲೆ ಎಳ್ಳನ್ನು ಕೈಗೆತ್ತಿಕೊಂಡರು. ಮುಖ ಅರಳಿತು. "ಇದು ನೋಡಿ, ನಾನು! ಸುಕ್ಕು ಒಂದೊಂದೂ ಎದ್ದು ನಿಂತಿದೆ. ಈ ಮುಖ ನೋಡಿದ್ಮೇಲೆ ಯಾವ ಹುಡುಗ ಗಲಾಟೆ ಮಾಡ್ತಾನೆ? ಹಾಕಿ ಮೊಳೆಗೆ!"

"ಎಲ್ಲಾ ಭಾವನ ಕೈಗುಣ," ಎಂದು ಅಲ್ಲೇ ಇದ್ದ ಚಿಕ್ಕಳಿಯ ಕೈ ಮುಗಿದ. ಬೈದಿದ್ದರೂ ದೊಡ್ಡಳಿಯನಿಗೆ ಅಷ್ಟು ಉರಿಯುತ್ತಿರಲಿಲ್ಲ. ಸ್ಟೂಲು ಹತ್ತಿ ಫೋಟೋ ತೂಗುಹಾಕುವ ಕೆಲಸವೂ, ಉದ್ದ ಇದ್ದಾನೆಂಬ ಕಾರಣಕ್ಕೆ, ಅವನ ಪಾಲಿಗೇ ಬಂತು.

ಮನೆಗೆ ಬಂದವನು ಉಳಿದ ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದ. ಷಡ್ಡಕನ ಎಳ್ಳು ಫಿಲಮ್ಮಿನಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತ ನಗುತ್ತಿದ್ದಳು. ನೆಗೆಟಿವ್‌ನಲ್ಲಿ ಕೂದಲು ಬೆಳ್ಳಗೆ, ಹಲ್ಲು ಕರ್ರಗೆ. ಆದರೂ ಸ್ವಂತ ಹೆಂಡತಿಯನ್ನು ಗುರುತು ಹಿಡಿಯಲಾರದಷ್ಟು ಕುರುಡನೇ ಅವನು? ಮೈಯೆಲ್ಲ ಬೆಂಕಿಯಾಯಿತು.

"ಬಾರೇ ಇಲ್ಲಿ! ಆ ಹಲ್ಲು ಕೀಳೋನು ನಿನ್ನ ಫೋಟೋ ಯಾಕೆ ತೆಗೆದ? ಅವನ ಮುಂದೆ ಇಷ್ಟು ನಗೋ ಅಂಥದ್ದೇನಿತ್ತು? ನನ್ನ ಮುಂದೆ ಒಂದು ದಿನ ಹೀಗೆ ನಕ್ಕಿದೀಯಾ?"

ಹೆಂಡತಿ ಕಣ್ಣು ಕಿರಿದು ಮಾಡಿ ನೋಡಿದಳು. "ರೀ, ಇದು ನಮ್ಮ ಹಿತ್ತಲು. ಹೊಸ ರೋಲು ಪರೀಕ್ಷೆ ಮಾಡ್ತೀನಿ ಅಂತ ಅಡುಗೆಮನೆ ಕಿಟಕಿಯಿಂದ ನೀವೇ ತೆಗೆದ್ರಲ್ಲ! ಬಗ್ಗೋಕೆ ಹೋಗಿ ತಲೆ ಚಚ್ಚಿಕೊಂಡ್ರಿ ನೋಡಿ, ಅದಕ್ಕೇ ನಾನು ನಕ್ಕಿದ್ದು."

ದೊಡ್ಡಳಿಯ ಬಚ್ಚಲಿನ ಕಡೆ ತಿರುಗಿದ. ಬಲಗೈ ನೋಡಿಕೊಂಡ. ಎಡಗೈ ನೋಡಿಕೊಂಡ. ಮಣೆ ದಾಟಿ ಜಿಗಿದದ್ದು ನೆನಪಾಯಿತು. ಆಚೆಯ ಬಲ ಈಚೆಗೆ ಎಡ! ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

"ಅಂದ್ರೆ ಅಮ್ಮ ಮೆಚ್ಚಿದ್ದು ನಿಮ್ಮ ಫೋಟೋನಾ?" ಹೆಂಡತಿ ಹಿಗ್ಗಿದಳು. "ತಾಳಿ, ಈಗಲೇ ಫೋನ್ ಮಾಡ್ತೀನಿ."

"ಬೇಡ ಬೇಡ!"

"ಯಾಕೆ? ಡಬ್ಬಿ ಅದಲು ಬದಲಾಯ್ತು ಅಂದ್ರಾಯ್ತು."

"ಅದಲು ಬದಲು ಅಲ್ವೇ... ಒಂದಕ್ಕೆ ಬೇರೆ ಡೆವಲಪರ್, ಇನ್ನೊಂದಕ್ಕೆ ಬೇರೆ..."

"ಬೇರೆ ಬೇರೆ ಯಾಕೆ ಹಾಕಿದ್ರಿ?"

ಹೆಡ್‌ಮಿಸ್ಸಿನ ಮಗಳು. ಅದೇ ಕಣ್ಣು. ಅವನ ಬಾಯಿಗೆ ಬಿಸಿತುಪ್ಪ ಬಿದ್ದಂತಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳಿಗೆ ಉತ್ತರ ಬೇಕಾಗಲಿಲ್ಲ. ಫೋನನ್ನು ಮೆಲ್ಲಗೆ ಕೆಳಗಿಟ್ಟಳು.

ಮುಂದಿನ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಚಿಕ್ಕಳಿಯ, ಕೈಯಲ್ಲಿ ರೋಲುಗಳ ಚೀಲ. "ಭಾವ, ಆ ಫೋಟೋ ನೋಡಿ ನಮ್ಮ ಫೋಟೋ ಸಂಘದವರು ನನ್ನನ್ನ ಸ್ಪರ್ಧೆಗೆ ಸೇರಿಸಿದಾರೆ. ಇವನ್ನೂ ನೀವೇ ತೊಳೀಬೇಕು. ಅತ್ತೆಯ ಫೋಟೋಗೆ ಹಾಕಿದ್ರಲ್ಲ, ಅದೇ ಡೆವಲಪರ್!"

ದೊಡ್ಡಳಿಯ ಬಾಯಿ ತೆರೆಯುವ ಮೊದಲೇ ಹೆಂಡತಿ ಚೀಲ ಈಸಿಕೊಂಡಳು.

"ತೊಳೀತಾರೆ ಬಿಡಿ. ಈ ಸಲ ಡಬ್ಬಿ ಮೇಲೆ ಹೆಸರು ನಾನೇ ಬರೀತೀನಿ."