ಷಡ್ಡಕನ ಸೆಟ್ಟಿಂಗ್

"ಮುಂದಿನ ವಾರಕ್ಕೆ ಇಬ್ಬರು ರಜೆ ಕೇಳಿದ್ದೀರಿ. ಕೊಡೋಕಾಗೋದು ಒಬ್ಬರಿಗೆ. ಇವತ್ತು ಸಂಜೆ ಐದರೊಳಗೆ ಪ್ರೋಗ್ರಾಂನಲ್ಲಿರೋ ದೋಷಗಳನ್ನ ಯಾರು ಹೆಚ್ಚು ಸರಿಮಾಡಿ ಕಳಿಸ್ತಾರೋ ರಜೆ ಅವರಿಗೆ" ಎಂದು ಸಾಹೇಬರು ಬೆಳಿಗ್ಗೆಯೇ ಘೋಷಿಸಿಬಿಟ್ಟರು. ಚಟಪಟನ ನೆಮ್ಮದಿ ಅಲ್ಲಿಗೆ ಮುಗಿಯಿತು.

ಕೂತಲ್ಲಿ ಕೂರದೆ ಸದಾ ಬೆರಳಿನಿಂದ ಮೇಜು ಕುಟ್ಟುತ್ತಿದ್ದುದರಿಂದ ಆಫೀಸಿನವರೆಲ್ಲ ಅವನನ್ನು ಹಾಗೆಯೇ ಕರೆಯುತ್ತಿದ್ದರು. ರಜೆ ಕೇಳಿದ್ದ ಇನ್ನೊಬ್ಬ ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಒಂದೇ ಆಫೀಸು, ಎದುರುಬದುರು ಕುರ್ಚಿ. ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕೆ? ಮನೆಯಲ್ಲಿ ಹೆಂಡತಿ ಆಗಲೇ ಸೂಟ್‌ಕೇಸ್ ತುಂಬಿಸಿ ಬಾಗಿಲ ಬಳಿ ಇಟ್ಟಿದ್ದಳು. "ನನ್ನ ತಂಗಿ ಮೂರು ಸಲ ಸಮುದ್ರ ನೋಡಿ ಬಂದ್ಲು. ಈ ಸಲ ರಜೆ ಸಿಗಲಿಲ್ಲ ಅಂತ ಮಾತ್ರ ಬರಬೇಡಿ" ಎಂದು ಹೇಳಿಯೇ ಕಳಿಸಿದ್ದಳು.

ಷಡ್ಡಕ ಮೌಸ್ ಮುಟ್ಟುವವನಲ್ಲ. ಅವನದು ಬರೀ ಟರ್ಮಿನಲ್: ಕಪ್ಪು ಪರದೆ, ಬಣ್ಣದ ಅಕ್ಷರ. ಎರಡಕ್ಷರ ಒತ್ತಿದರೆ ಫೈಲು ತೆರೆಯುತ್ತಿತ್ತು, ಇನ್ನೆರಡು ಒತ್ತಿದರೆ ಕೆಲಸ ಪರೀಕ್ಷೆಯಾಗಿ ಸಾಹೇಬರ ಪಟ್ಟಿಗೆ ತಾನೇ ಹೊರಟುಹೋಗುತ್ತಿತ್ತು. ಅದನ್ನು ನೋಡಿ ನೋಡಿ ಚಟಪಟನ ಹೊಟ್ಟೆ ಉರಿಯಿತು.

"ಅವರ ಆ ಎರಡಕ್ಷರದ ಸೆಟ್ಟಿಂಗೆಲ್ಲ ಎಲ್ಲರಿಗೂ ಅಂತ ಆಫೀಸಿನ ಫೋಲ್ಡರಲ್ಲೇ ಇಟ್ಟಿದ್ದಾರಲ್ಲ, ತಗೊಳ್ಳಿ" ಎಂದಳು ಪಕ್ಕದ ಮೇಜಿನ ಟೆಸ್ಟರ್ ಅಕ್ಕ. ತಪ್ಪು ಹುಡುಕುವುದೇ ಅವಳ ಉದ್ಯೋಗ. "ಆದ್ರೆ ಓದಿ ನೋಡಿ ಹಾಕ್ಕೊಳ್ಳಿ."

ಇನ್ನೂರು ಸಾಲು ಓದುತ್ತ ಕೂರಲು ಯಾರಿಗೆ ಪುರುಸೊತ್ತು? ಷಡ್ಡಕ ಚಹಾಕ್ಕೆ ಎದ್ದದ್ದೇ ತಡ, ಚಟಪಟ ಅಷ್ಟನ್ನೂ ತನ್ನ ಕಂಪ್ಯೂಟರಿಗೆ ಸುರಿದುಕೊಂಡ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತಾಯಿತು. ಅಳಿಸುವ ಕೀ ಒತ್ತಿದರೆ ಕಿಟಕಿಯೇ ಮುಚ್ಚಿಕೊಳ್ಳುತ್ತಿತ್ತು. ಬಾಣದ ಕೀಗಳು ಸತ್ತೇಹೋಗಿದ್ದವು. ಕಪ್ಪು ಪರದೆಯ ಮೇಲೆ ಅಕ್ಷರವೂ ಕಪ್ಪಾಗಿತ್ತು.

"ಬಣ್ಣ ನಾನು ಸರಿ ಮಾಡ್ತೀನಿ, ಸ್ವಲ್ಪ ಜರುಗಿ" ಎಂದು ಹಿಂದಿನ ಸಾಲಿನ ಡಿಸೈನರ್ ಕುರ್ಚಿ ಎಳೆದುಕೊಂಡು ಬಂದ. ತಿಳಿಹಸಿರೋ ಗಿಳಿಹಸಿರೋ ಎಂದು ತೀರ್ಮಾನಿಸಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಕ್ಷರ ದಪ್ಪಗಿರಲಿ ಎಂದು ಟೆಸ್ಟರ್ ಅಕ್ಕ ಹಟ ಹಿಡಿದಳು. ಊಟದ ಹೊತ್ತಾಯಿತು. ಸರಿಪಡಿಸಿದ ದೋಷ ಸೊನ್ನೆ. ಚಟಪಟನ ಬೆರಳು ಮೇಜನ್ನು ತೂತು ಬೀಳುವಂತೆ ಕುಟ್ಟುತ್ತಿತ್ತು. ಎದುರಿಗೆ ಷಡ್ಡಕ ಆಗಲೇ ಮೂರು ಮುಗಿಸಿ ಆಕಳಿಸುತ್ತಿದ್ದ.

ಎರಡು ಗಂಟೆಗೆ ಸಾಹೇಬರು ಬಂದು ಪರದೆಗೆ ಬಗ್ಗಿದರು. "ಭಾರೀ ಚೆನ್ನಾಗಿದೆಯಲ್ರೀ! ನಿಮ್ಮ ಷಡ್ಡಕರದ್ದು ತಗೊಂಡ್ರಾ?"

ಚಟಪಟನಿಗೆ ಮಾನ ಅಡ್ಡ ಬಂತು. "ಇಲ್ಲ ಸಾರ್! ಒಂದೊಂದು ಸಾಲೂ ನಾನೇ ಕೂತು ಬರೆದಿದ್ದು."

ಟೆಸ್ಟರ್ ಅಕ್ಕ ಕೆಮ್ಮಿದಳು.

ಆಮೇಲೆ ಮಾತ್ರ ಕೈ ಕುದುರಿತು. ಎರಡಕ್ಷರ ಒತ್ತು, ತಿದ್ದು, ಎರಡಕ್ಷರ ಒತ್ತು, ಕಳಿಸು. ಊಟವನ್ನೂ ಮರೆತು, ಬಂದ ಫೋನನ್ನೂ ಎತ್ತದೆ, ಐದಕ್ಕೆ ಎರಡು ನಿಮಿಷ ಇರುವಾಗ ಚಟಪಟ ಏಳನೆಯ ದೋಷವನ್ನು ಸರಿಮಾಡಿ ಕಳಿಸಿದ. ಎದುರಿನವನದು ನಾಲ್ಕೇ ಎಂದು ಅವನು ಕದ್ದು ನೋಡಿ ಖಚಿತ ಮಾಡಿಕೊಂಡಿದ್ದ. ಅವನ ಕಿವಿಯಲ್ಲಿ ಆಗಲೇ ಅಲೆಗಳ ಸದ್ದು ಕೇಳಿಸುತ್ತಿತ್ತು.

ಸಾಹೇಬರು ಪಟ್ಟಿ ತೆರೆದು ಓದಿದರು. "ಷಡ್ಡಕರದ್ದು ಹನ್ನೊಂದು. ಚಟಪಟ ಅವರದ್ದು... ಸೊನ್ನೆ."

"ಸಾರ್! ಏಳು ನಂದು!"

"ಹನ್ನೊಂದಕ್ಕೂ ಅವರ ಹೆಸರೇ ಇದೆಯಲ್ರೀ."

ಚಟಪಟ ಸೆಟ್ಟಿಂಗಿನ ಫೈಲು ತೆರೆದ. ಕೆಲಸ ಕಳಿಸಿದವನ ಹೆಸರನ್ನು ಪಟ್ಟಿ ಇಲ್ಲಿಂದಲೇ ಎತ್ತಿಕೊಳ್ಳುತ್ತಿತ್ತು. ಮೂರನೆಯ ಸಾಲಿನಲ್ಲಿ ಷಡ್ಡಕನ ಹೆಸರು ಗಿಳಿಹಸಿರು ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ ಕಂಗೊಳಿಸುತ್ತಿತ್ತು.

"ಇದು... ಈ ಸಾಲು ನಾನು ಬರೆದಿದ್ದಲ್ಲ ಸಾರ್."

"ಒಂದೊಂದು ಸಾಲೂ ನೀವೇ ಬರೆದಿದ್ದು ಅಂದ್ರಲ್ಲ ಮಧ್ಯಾಹ್ನ?" ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಹೋಗಲಿ ಬಿಡಿ. ಅವರು ರಜೆಯಲ್ಲಿರೋವಾಗ ಅವರ ಕೆಲಸ ನೀವೇ ನೋಡ್ಕೊಳ್ಳಿ. ಸೆಟ್ಟಿಂಗ್ ಹೇಗೂ ಒಂದೇ."

"ಅಟ್ಟಿಕ್ಕಿದವಳಿಗಿಂತ ಬೊಟ್ಟಿಟ್ಟವಳೇ ಮೇಲು ಅನ್ನೋದು ಇದಕ್ಕೇ" ಎಂದು ಟೆಸ್ಟರ್ ಅಕ್ಕ ಕಂಪ್ಯೂಟರ್ ಆರಿಸಿ ಎದ್ದಳು.

ಹೊರಗೆ ಮೆಟ್ಟಿಲಿಳಿಯುವಾಗ ಹೆಂಡತಿಯ ಫೋನು ಬಂತು. "ರೀ, ತಂಗಿ ಎಲ್ಲಾ ಹೇಳಿದ್ಲು. ಅವರ ಕಾರಲ್ಲಿ ಒಂದು ಸೀಟು ಖಾಲಿ ಇದೆಯಂತೆ, ನಾನೂ ಹೊರಟೆ. ನಿಮ್ಮ ಬಟ್ಟೆ ಸೂಟ್‌ಕೇಸಿಂದ ತೆಗೆದಿಟ್ಟಿದ್ದೀನಿ. ಅವರ ಬೆಕ್ಕು ಒಂದು ವಾರ ನಿಮ್ಮ ಜೊತೆಗಿರುತ್ತೆ."

ಚಟಪಟನ ಬೆರಳು ಮೆಟ್ಟಿಲ ಕಂಬಿಯನ್ನು ಕುಟ್ಟತೊಡಗಿತು.

ಹೆಂಡತಿ ನಿಟ್ಟುಸಿರು ಬಿಟ್ಟಳು. "ದಿನಾ ಎದುರಿಗೇ ಕೂತಿರ್ತಾರೆ. ಅವರು ಮಾಡೋ ಹಾಗೇ ನೀವೂ ಮಾಡಬಾರದಿತ್ತಾ?"