ಭಾವನವರ ಮ್ಯಾಂಟ್ಲು ಭಸ್ಮ

ನಮ್ಮ ಭಾವನವರನ್ನು, ಅಂದರೆ ನನ್ನ ಗಂಡನ ಅಣ್ಣನನ್ನು, ಅವರ ಊರಾದ ಪೆರೇಸಂದ್ರದವರೆಲ್ಲ ‘ಮ್ಯಾಂಟ್ಲು’ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ! ಪೆಟ್ರೋಮ್ಯಾಕ್ಸ್ ದೀಪದೊಳಗೆ ಬೆಳ್ಳಗೆ ಉರಿಯುವ ಬಲೆಯ ಚೀಲವಿರುತ್ತಿತ್ತಲ್ಲ, ಆ ಮ್ಯಾಂಟ್ಲು. ಕೆಲವರ ಬಾಯಲ್ಲಿ ಅದು ‘ಮೆಂಟ್ಲು’ ಎಂದು ಕೇಳಿಸುತ್ತಿತ್ತು. ಬೇಕೆಂದೇ ಹಾಗೆ ಅನ್ನುತ್ತಿದ್ದರೋ, ಹಲ್ಲು ಉದುರಿದ್ದಕ್ಕೆ ಹಾಗಾಗುತ್ತಿತ್ತೋ, ನಾನು ವಿಚಾರಿಸಲು ಹೋಗಲಿಲ್ಲ. ಎರಡು ಹೆಸರೂ ಅವರಿಗೆ ಚೆನ್ನಾಗಿಯೇ ಒಪ್ಪುತ್ತಿದ್ದವು.

ಅವರನ್ನು ನಾನು ಮೊದಲು ಸರಿಯಾಗಿ ನೋಡಿದ್ದು ನನ್ನ ಮದುವೆಯ ಮೆರವಣಿಗೆಯಲ್ಲಿ, ಚಿಂತಾಮಣಿಯ ನನ್ನ ತವರಿನ ಬೀದಿಯಲ್ಲಿ. ತಲೆಯ ಮೇಲೆ ಪೆಟ್ರೋಮ್ಯಾಕ್ಸ್ ಹೊತ್ತಿದ್ದವನು ಎಡವಿದ. ಮ್ಯಾಂಟ್ಲು ಉದುರಿ ದೀಪ ಭಗ್ಗೆಂದಿತು. “ಅಯ್ಯೋ, ಅಪಶಕುನ!” ಎಂದು ನಮ್ಮ ಕಡೆಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅಷ್ಟರಲ್ಲಿ ಗಂಡಿನ ಕಡೆಯವರೊಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು.

“ಆಹಾ, ಉದುರ್ತು! ಯಾರೂ ಉಸಿರು ಬಿಡ್ಬೇಡಿ, ಹಾರೋಗತ್ತೆ!”

ಜೇಬಿನಿಂದ ನಶ್ಯದ ಡಬ್ಬಿಯನ್ನೂ ಒಂದು ಕೋಳಿಪುಕ್ಕವನ್ನೂ ತೆಗೆದು, ಆ ಬಿಳಿ ಬೂದಿಯನ್ನು ಒಂದು ಕಣವೂ ಬಿಡದೆ ಗುಡಿಸಿ ತುಂಬಿಕೊಂಡರು. ಮದುಮಗಳಾದ ನಾನೂ ಉಸಿರು ಬಿಗಿಹಿಡಿದೆ. ಬೇರೆ ದಾರಿಯಾದರೂ ಏನಿತ್ತು?

ಈ ಬೂದಿಯ ಹುಚ್ಚು ಹಿಡಿದದ್ದು ಹೇಗೆ ಎನ್ನುತ್ತೀರಾ? ಮಗನನ್ನು ಡಾಕ್ಟರು ಮಾಡಬೇಕೆಂದು ನಮ್ಮ ಅತ್ತೆಗೆ ಬಹಳ ಆಸೆ. ಬೆಂಗಳೂರಿಗೆ ಇಂಟರ್ಮೀಡಿಯೆಟ್ ಓದಲು ಕಳಿಸಿದರು. ಮಗ ಕೆಮಿಸ್ಟ್ರಿಯಲ್ಲೇ ಫೇಲಾಗಿ ವಾಪಸು ಬಂದು ಹೊಲ ನೋಡಿಕೊಂಡರು. ಬರುವಾಗ ಒಂದೇ ಒಂದು ಪಾಠವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡು ಬಂದಿದ್ದರು: ಮ್ಯಾಂಟ್ಲಿನಲ್ಲಿ ಥೋರಿಯಂ, ಸೀರಿಯಂ ಎಂಬ ಲೋಹಗಳ ಸಂಯುಕ್ತಗಳಿವೆ, ಸೀರಿಯಂ ‘ರೇರ್ ಅರ್ತ್’ ಜಾತಿಗೆ ಸೇರಿದ್ದು. ಆಮೇಲೊಮ್ಮೆ ದೀಪ ಹಚ್ಚುವಾಗ ಬೆರಳು ಸುಟ್ಟಿತಂತೆ, ಅದರ ಮೇಲೆ ಮ್ಯಾಂಟ್ಲಿನ ಬೂದಿ ಉದುರಿತಂತೆ, ಗಾಯ ಬೇಗ ಮಾಯಿತಂತೆ. ಸಿದ್ಧಾಂತ ಹುಟ್ಟಲು ಇಷ್ಟು ಸಾಲದೆ!

“ರೇರ್ ಅರ್ತ್ ಅಂದ್ರೆ ಏನೋ?” ಎಂದು ಅತ್ತೆ ಕೇಳಿದರು.

“ಅಪರೂಪದ ಮಣ್ಣು ಕಣಮ್ಮ.”

“ಮಣ್ಣು ಅಂತೀಯ, ಬೂದಿ ತೋರಿಸ್ತೀಯ! ಫೇಲಾಗದೆ ಇನ್ನೇನಾಗ್ತೀಯ?” ಅತ್ತೆಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. “ನೀಕೇಮಿ ಪಿಚ್ಚಿರಾ!” ನಿನಗೇನು ಹುಚ್ಚೋ ಎಂದು.

ಭಾವ ನಗುತ್ತಿದ್ದರು. ಆದರೆ ಅಮ್ಮನ ಬಾಯಿಂದ ಒಂದೇ ಒಂದು ಸಲ ಸೈ ಅನ್ನಿಸಿಕೊಳ್ಳಬೇಕೆಂಬ ಆಸೆ ಆ ನಗುವಿನ ಹಿಂದೆ ಇತ್ತು. ನನಗೆ ಅದು ಕಾಣುತ್ತಿತ್ತು.

ಒಮ್ಮೆ ಪಂಚಾಂಗ ಓದುವ ಶಾಸ್ತ್ರಿಗಳು ಮನೆಗೆ ಬಂದವರು ಕೈಕಾಲು ತೊಳೆದು, ಕಿಟಕಿಯಲ್ಲಿದ್ದ ಡಬ್ಬಿಯಿಂದ ವಿಭೂತಿ ತೆಗೆದು ಹಣೆಗೂ ತೋಳಿಗೂ ಧಾರಾಳವಾಗಿ ಬಳಿದುಕೊಂಡರು. ಅದು ಯಾವ ಡಬ್ಬಿ ಎಂದು ನಿಮಗೆ ಗೊತ್ತಾಗಿರಬೇಕು! ಒಳಗೆ ಬಂದ ಭಾವ ಹೌಹಾರಿದರು.

“ಶಾಸ್ತ್ರಿಗಳೇ! ಮೂರು ಮದುವೆ ಬೂದೀನ ಒಂದೇ ಹಣೆಗೆ ಹಾಕ್ಕೊಂಡ್ರಲ್ಲ!”

ಶಾಸ್ತ್ರಿಗಳು ಗಾಬರಿಯಿಂದ ಒರೆಸಿಕೊಳ್ಳಲು ಹೋದರೆ ಭಾವ ಬಿಡಬೇಕಲ್ಲ! “ಇರ್ಲಿ ಬಿಡಿ, ಹೆಂಗೂ ಹಚ್ಕೊಂಡಿದೀರ. ಹಣೇಲಿ ಹಳೇ ಗಾಯ ಏನಾದ್ರೂ ಇದ್ರೆ ಹೇಳಿ, ನೋಡ್ಕೊಳ್ತಿರ್ತೀನಿ.”

ಹೀಗೆ ನಗುತ್ತಿದ್ದ ಮನೆಯಲ್ಲಿ ಒಂದು ದಿನ ನಗು ನಿಂತಿತು. ಬಚ್ಚಲಲ್ಲಿ ಹಂಡೆಯ ಬಿಸಿನೀರು ಅತ್ತೆಯ ಕಾಲ ಮೇಲೆ ಬಿತ್ತು. ಮೊದಲೇ ಸಕ್ಕರೆ ಕಾಯಿಲೆಯವರು. ನೆರೆಯವರು ಬಂದು ಅರಿಶಿನ ಮೆತ್ತಿದರು, ಸುಣ್ಣ ಮೆತ್ತಿದರು, ಇನ್ಯಾರೋ ಸಗಣಿಯನ್ನೂ ತಂದಿದ್ದರು. ಗಾಯ ಮಾಯುವ ಬದಲು ಕೀವಾಯಿತು. ಚಿಕ್ಕಬಳ್ಳಾಪುರದ ಡಾಕ್ಟರು ಇಂಜೆಕ್ಷನ್ ಕೊಟ್ಟು, “ಹೀಗೇ ಇದ್ರೆ ಹೆಬ್ಬೆರಳು ತೆಗೀಬೇಕಾಗತ್ತೆ” ಎಂದುಬಿಟ್ಟರು. ಕೂತ ಕಡೆ ಕೂರದೆ ಮನೆ, ಹೊಲ, ಕೊಟ್ಟಿಗೆ ಸುತ್ತುತ್ತಿದ್ದ ಹೆಂಗಸು ಮಂಚ ಹಿಡಿದು ಗೋಡೆ ನೋಡತೊಡಗಿದರು.

ಭಾವ ಡಬ್ಬಿ ಹಿಡಿದು ಮಂಚದ ಪಕ್ಕ ನಿಂತರು. ಅತ್ತೆ ಅವರ ಮುಖವನ್ನೂ ನೋಡದೆ ಕಾಲು ಚಾಚಿದರು. “ಹೆಂಗೂ ಹೋಗೋ ಬೆರಳು. ಹಾಕೋ ನಿನ್ನ ಬೂದಿ.”

ಅಂದಿನಿಂದ ನಮ್ಮ ಮನೆಯಲ್ಲಿ ಭಾವನವರದೇ ದರ್ಬಾರು! ಸಾಬೂನು ಹಾಕಿ ಕೈ ತೊಳೆಯದೆ ಯಾರೂ ಮಂಚದ ಹತ್ತಿರ ಸುಳಿಯುವಂತಿಲ್ಲ. ಉಪ್ಪು ಹಾಕಿ ನೀರು ಕುದಿಸಿ ಆರಿಸಬೇಕು, ಬಟ್ಟೆ ಕುದಿಸಿ ಒಣಗಿಸಬೇಕು, ಒಂದು ನೊಣವೂ ಒಳಗೆ ಬರಬಾರದು. ಸಗಣಿ ತಂದವರಿಗೆ ಬಾಗಿಲಲ್ಲೇ ನಮಸ್ಕಾರ. ಗಾಯ ತೊಳೆದ ಮೇಲೆ ಡಬ್ಬಿಯಿಂದ ಒಂದು ಚಿಟಿಕೆ. “ಅಪರೂಪದ ಮಣ್ಣಮ್ಮ, ಕೊಳಕು ಇದ್ರೆ ಅದಕ್ಕೆ ಕೋಪ ಬರತ್ತೆ” ಎಂದು ನನಗೆ ಎಚ್ಚರಿಕೆ ಬೇರೆ!

ಮತ್ತೇನು, ಗಾಯ ಕೆಂಪಾಯಿತು, ಒಣಗಿತು, ಹೊಸ ಚರ್ಮ ಬಂತು! ಹೆಬ್ಬೆರಳು ಇದ್ದಲ್ಲೇ ಉಳಿಯಿತು! ಅಮ್ಮನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಭಾವ ಚಿಕ್ಕಬಳ್ಳಾಪುರಕ್ಕೆ ಹೊರಟ ಠೀವಿಯನ್ನು ನೀವು ನೋಡಬೇಕಿತ್ತು. ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ಕಾಲನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲವನ್ನೂ ಕೇಳಿ ತಿಳಿದು ಹೇಳಿದರು: “ನಿಮ್ಮ ಬೂದಿ ವಿಷ್ಯ ನಂಗೊತ್ತಿಲ್ಲಪ್ಪ. ಇಂಜೆಕ್ಷನ್ ಜೊತೆಗೆ ಕೆಲಸ ಮಾಡಿದ್ದು ಕಾಯಿಸಿದ ನೀರು.”

“ಹಾಗೇ ಆಗ್ಲಿ ಸಾರ್, ನೀರೇ ಗೆಲ್ತು ಅನ್ನಿ. ನೀರು ಕಾಯಿಸಿದ್ದು ಯಾರು?” ಎಂದು ಭಾವ ಎದೆ ಉಬ್ಬಿಸಿದರು.

ನೀರು ಕಾಯಿಸಿದವಳು ನಾನು! ಆದರೂ ಆ ಎದೆಯನ್ನು ನೋಡಿ ಬಾಯಿ ಬಿಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಮೊಮ್ಮಗಳ ವಿಜ್ಞಾನದ ಪುಸ್ತಕ ತಿರುವುತ್ತಿದ್ದಾಗ ‘ರೇರ್ ಅರ್ತ್’ಗೆ ಕನ್ನಡದಲ್ಲಿ ಏನೆಂದು ಬರೆದಿದ್ದರು ಗೊತ್ತೇ? ವಿರಳ ಭಸ್ಮ! ಮಣ್ಣಲ್ಲ, ಬೂದಿಯೇ! ಸೀರಿಯಂ ಲವಣಗಳು ಸುಟ್ಟ ಗಾಯಕ್ಕೆ ನೆರವಾಗಬಹುದೇ ಎಂದು ದೊಡ್ಡ ದೊಡ್ಡವರು ಪರೀಕ್ಷೆ ಮಾಡುತ್ತಾರಂತೆ. ನೀವು ಮಾತ್ರ ಮ್ಯಾಂಟ್ಲು ಹುಡುಕಿಕೊಂಡು ಹೋಗಬೇಡಿ ಮಹರಾಯರೆ, ಆ ಥೋರಿಯಂ ವಿಕಿರಣ ಸೂಸುತ್ತದಂತೆ. ನಮ್ಮ ಅತ್ತೆ ಗಟ್ಟಿ ಹೆಂಗಸು, ದಕ್ಕಿಸಿಕೊಂಡರು.

ಆದರೆ ಅಂದು ಅತ್ತೆ ಮಗನಿಗೆ ಸೈ ಅಂದರೇ? ಎಲ್ಲಿಯ ಮಾತು! “ವೆಂಕಟರಮಣನಿಗೆ ಮುಡಿಪು ಕಟ್ಟಿದ್ದೆ, ವಾಸಿಯಾಯ್ತು” ಎಂದು ಬಂದವರಿಗೆಲ್ಲ ಹೇಳಿದರು. ಭಾವ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಹೊಲಕ್ಕೆ ಹೋದರು.

ಅರವತ್ತರ ದಶಕದಲ್ಲಿ ಪೆರೇಸಂದ್ರದ ನಮ್ಮ ಬೀದಿಗೆ ಕರೆಂಟು ಬಂತು. ಊರೆಲ್ಲ ಕುಣಿದಾಡುತ್ತಿದ್ದರೆ ಭಾವನವರೊಬ್ಬರು ಜಗಲಿಯಲ್ಲಿ ಮುಖ ಇಳಿಸಿಕೊಂಡು ಕೂತಿದ್ದರು. “ಇನ್ನು ಪೆಟ್ರೋಮ್ಯಾಕ್ಸ್ ಯಾರು ಹಚ್ತಾರಮ್ಮ? ಮ್ಯಾಂಟ್ಲು ಒಡೆದ್ರೆ ಗಾಯ ಮಾಯ್ತಿತ್ತು. ಬಲ್ಬು ಒಡೆದ್ರೆ ಗಾಯ ಆಗತ್ತೆ ಅಷ್ಟೆ!”

ಸಂಜೆ ನಡುಮನೆಯಲ್ಲಿ ಬಲ್ಬು ಹೊತ್ತಿತು. ಎಲ್ಲರೂ ಮೇಲೆ ನೋಡುತ್ತಿದ್ದಾಗ ಅತ್ತೆ ನನಗೆ, “ಅಟ್ಟದ ಮೇಲಿರೋ ಪೆಟ್ರೋಮ್ಯಾಕ್ಸ್ ತಗೊಂಬಾರೆ. ಹೊಸ ಮ್ಯಾಂಟ್ಲು ಕಟ್ಟಿ ಹಚ್ಚು” ಎಂದರು. ಕರೆಂಟಿನ ಬೆಳಕಿನಲ್ಲಿ ಪೆಟ್ರೋಮ್ಯಾಕ್ಸ್! ಮಗನ ಹುಚ್ಚು ತಾಯಿಗೂ ಅಂಟಿತೇ ಎಂದುಕೊಂಡೆ. ಉರಿಸಿದೆ. ಸ್ವಲ್ಪ ಹೊತ್ತು ನೋಡಿ, ಆರಿಸು ಎಂದರು. ಆರಿಸಿದೆ.

ದೀಪ ತಣ್ಣಗಾದ ಮೇಲೆ ಅತ್ತೆ ಎದ್ದರು. ಯಾರ ಕೈಯನ್ನೂ ಹಿಡಿಯದೆ, ಎರಡೂ ಕಾಲನ್ನು ಗಟ್ಟಿಯಾಗಿ ಊರಿಕೊಂಡು ನಡೆದು ಬಂದು, ಗಾಜು ತೆಗೆದರು. ಪೊರಕೆಕಡ್ಡಿಯಿಂದ ಮ್ಯಾಂಟ್ಲನ್ನು ಒಂದು ಸಲ ತಿವಿದರು. ಬಿಳಿ ಬೂದಿ ಅಂಗೈಗೆ ಉದುರಿತು. ಆ ಕೈಯನ್ನು ಜಗಲಿಯ ಕಡೆಗೆ ಚಾಚಿ ಕೂಗಿದರು:

“ಡಬ್ಬಿ ತಗೊಂಡು ಬಾರಪ್ಪಾ, ಡಾಕ್ಟ್ರೇ.”

ಭಾವ ಬಂದು ಡಬ್ಬಿ ಒಡ್ಡಿದರು. ಒಂದು ಕಣವನ್ನೂ ಬಿಡದೆ ಗುಡಿಸುತ್ತಿದ್ದ ಆ ಕೈಯಲ್ಲಿ ಡಬ್ಬಿ ವಾಲಿ ಅರ್ಧ ಬೂದಿ ನೆಲಕ್ಕೆ ಚೆಲ್ಲಿತು. ಅವರು ಬಗ್ಗಿ ಅದನ್ನು ಎತ್ತಲಿಲ್ಲ, ಅಮ್ಮನ ಮುಖವನ್ನೇ ನೋಡುತ್ತಾ ನಿಂತಿದ್ದರು.