ಹಿನಕಲ್ ಬಂತು, ಏಳಿ

ನಮ್ಮ ಕಾರ್ಖಾನೆ ಬಸ್ಸಿನಲ್ಲಿ ಒಂದು ವಾರ ಏನೂ ಆಗದೆ ಕಳೆಯಿತು ಅಂದ್ರೆ, ಆ ವಾರ ಕಾರ್ಖಾನೆಗೆ ರಜೆ ಇತ್ತು ಅಂತಲೇ ಅರ್ಥ. ನಾನಾಗಿ ಯಾವುದನ್ನೂ ಹುಡುಕಿಕೊಂಡು ಹೋಗೋನಲ್ಲ. ಡ್ರೈವರ್ ಹಿಂದಿನ ಸೀಟಲ್ಲಿ ತೆಪ್ಪಗೆ ಕೂತಿರ್ತೀನಿ. ಅವೇ ಬಂದು ಪಕ್ಕದಲ್ಲಿ ಕೂತ್ಕೊಳ್ತವೆ.

ದೀಪದ ಕೆಲಸ

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡ್ತೀನಿ, ಎಲ್ಲರೂ ಕೇಳೋದು ಅದನ್ನೇ. ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಾಟಲಿ ಮುಚ್ಚಳ ಮಾಡೋ ಕಾರ್ಖಾನೆ ನಮ್ಮದು. ಮುಚ್ಚಳ ಮಾಡೋದು ಒಂದು ಮೆಷಿನ್ನು. ಅದು ಸರಿಯಾಗಿ ಮಾಡ್ತಿದೆಯಾ ಅಂತ ನೋಡೋದು ಇನ್ನೊಂದು ಮೆಷಿನ್ನು. ಆ ಎರಡನೇದರ ಮೇಲೆ ಒಂದು ಕೆಂಪು ದೀಪ. ಅದು ಹತ್ತಿದ್ರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಬೇಕು, ಅದೇ ನನ್ನ ಕೆಲಸ. ಹತ್ತಿದ್ರೆ ಇಡೀ ಲೈನು ನಿಂತುಹೋಗುತ್ತೆ, ಮ್ಯಾನೇಜರಿಗೆ ಮೇಲಿನವರಿಂದ ಮಂಗಳಾರತಿ ಆಗುತ್ತೆ. ಹಾಗಾಗಿ ಆ ದೀಪದ ಹೆಸರು ಕೇಳಿದ್ರೇ ಅವರಿಗೆ ನಡುಕ. ಆದ್ರೆ ಅದು ಹತ್ತೋದಿಲ್ಲ.

ಒಂದೇ ಒಂದು ಸಲ ಹತ್ತಿತ್ತು. ನನಗೆ ಆದ ಸಂತೋಷ ಹೇಳತೀರದು. ಕೊನೆಗೂ ನನ್ನಿಂದ ಏನೋ ಆಗಬೇಕಾಗಿದೆ ಅಂತ ಎದ್ದು ನಿಂತು ಫೋನ್ ತಗೊಂಡೆ. ಅಷ್ಟರಲ್ಲಿ ಸೂಪರ್‌ವೈಸರ್ ಹಿಂದಿನಿಂದ ಬಂದು ಆರಿಸಿಬಿಟ್ರು. ನಾನು ಎಚ್ಚರ ಇದ್ದೀನಾ ಅಂತ ನೋಡೋಕೆ ಅವರೇ ಹತ್ತಿಸಿದ್ರಂತೆ.

ಆಮೇಲೆ ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕೂತಾಗ ಹೆಂಡತಿ ಕಡೆಯ ಹಿರಿಯರೊಬ್ಬರು ಏನು ಕೆಲಸ ಅಂತ ಕೇಳಿದ್ರು. ದೀಪ ನೋಡೋದು ಅಂದೆ. ಹತ್ತಿದ್ರೆ ಏನು ಮಾಡ್ತೀಯಪ್ಪಾ ಅಂದ್ರು. ಹತ್ತೋದಿಲ್ಲ ಅಂದೆ. ಸಂಬಳ ಅಂದ್ರು. ಅದು ತಪ್ಪದೆ ಬರುತ್ತೆ ಅಂದೆ. ಹಿರಿಯರು ಎಲೆಯಲ್ಲಿದ್ದ ಹಪ್ಪಳ ಮುರಿಯುತ್ತಾ, "ಸರ್ಕಾರಿ ಕೆಲಸ ಅಂತ ಮೊದಲೇ ಹೇಳಬಾರದಾ?" ಅಂದ್ರು.

ಹಾಲು ಉಕ್ತು

ಇನ್ನು ಸಂಬಳ ಇಲ್ಲದ ಕೆಲಸ. ಮೊದಲ ಶಿಫ್ಟು ಬೆಳಿಗ್ಗೆ ಆರಕ್ಕೆ, ಹಾಗಾಗಿ ಎಲ್ಲರೂ ಏಳೋದು ನಾಲ್ಕಕ್ಕೆ. ಮಧ್ಯಾಹ್ನ ಎರಡೂವರೆಗೆ ಬಸ್ಸು ಗೇಟು ದಾಟಿ ಮೊದಲ ತಿರುವು ತಗೊಳ್ಳೋದರೊಳಗೆ ಎಲ್ಲರದೂ ಗೊರಕೆ. ನನಗೆ ಮಾತ್ರ ಬಸ್ಸಲ್ಲಿ ನಿದ್ದೆ ಹತ್ತೋದಿಲ್ಲ, ಚಿಕ್ಕಂದಿನಿಂದಲೂ ಅಷ್ಟೇ. ನನ್ನ ಮನೆ ಕೊನೆಯ ಸ್ಟಾಪು ಶ್ರೀರಾಂಪುರದಲ್ಲಿ.

ಪ್ಯಾಕಿಂಗ್ ಸೆಕ್ಷನ್ನಿನ ಅಕ್ಕನ ಮನೆ ಹಿನಕಲ್‌ನಲ್ಲಿ. ಒಂದು ದಿನ ನಿದ್ದೆಯಲ್ಲೇ ಹಿನಕಲ್ ದಾಟಿ ಸರಸ್ವತಿಪುರಂನಲ್ಲಿ ಎದ್ದು, ಆಟೋದವನ ಹತ್ತಿರ ಜಗಳ ಮಾಡಿಕೊಂಡು ವಾಪಸ್ ಹೋಗಿದ್ರು. ಮಾರನೇ ದಿನ, "ಅಣ್ಣ, ನೀವು ಎಚ್ಚರವಾಗೇ ಇರ್ತೀರಲ್ಲ, ಹಿನಕಲ್ ಬಂದ್ರೆ ಒಂದು ಮಾತು ಹೇಳ್ಬುಡಿ" ಅಂದ್ರು. ಹೇಳಿದೆ. ಅದನ್ನ ನೋಡಿ ಹಳೇ ಫಿಟ್ಟರು ನನ್ನನ್ನೂ ಎಬ್ಬಿಸಿ ಅಂದ್ರು, ಆಮೇಲೆ ಹಿಂದಿನ ಸೀಟಿನವರೆಲ್ಲ ಅದನ್ನೇ ಹೇಳಿದ್ರು. ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ ಅಂತ ನಾನು ಹೇಳದೆ ಇಲ್ಲ. ಇಟ್ಟುಕೊಂಡೂ ನೋಡಿದ್ರು. ಒಬ್ಬರದು ಕೂಗಿದ್ರೆ ಬಸ್ಸಿನವರೆಲ್ಲ ನಿದ್ದೆಯಲ್ಲೇ ತಂತಮ್ಮ ಜೇಬು ತಡಕಿ ಮತ್ತೆ ಮಲಗೋರು.

ಎಬ್ಬಿಸೋದು ಸುಲಭ ಅಂತ ತಿಳೀಬೇಡಿ. ಒಬ್ಬೊಬ್ಬರದು ಒಂದೊಂದು ಮಾತು. ಫಿಟ್ಟರ್ ಭುಜ ಮುಟ್ಟಿದ್ರೆ ಕೈ ಎತ್ತುತ್ತಾರೆ. ಅವರಿಗೆ ದೂರ ನಿಂತು "ಸಾಹೇಬ್ರು ರೌಂಡ್ಸ್ ಬಂದ್ರು" ಅನ್ನಬೇಕು, ಎದ್ದು ಟೋಪಿ ಸರಿ ಮಾಡಿಕೊಳ್ತಾರೆ. ಲೋಡಿಂಗ್‌ನವನಿಗೆ ಮಾತೇ ಬೇಡ, ಕಿವಿ ಹತ್ತಿರ ಬಿಸ್ಕತ್ತಿನ ಪ್ಯಾಕೆಟ್ ಬಿಚ್ಚಿದ್ರೆ ಸಾಕು. ನಮ್ಮ ಅಕ್ಕ ಮಾತ್ರ ಜಪ್ಪಯ್ಯ ಅಂದ್ರೂ ಏಳೋರಲ್ಲ. ಒಂದು ದಿನ ಏನೂ ತೋಚದೆ, "ಅಕ್ಕ, ಹಾಲು ಉಕ್ತು" ಅಂದೆ. ಅಕ್ಕ ಎದ್ರು. ಅವರ ಜೊತೆ ಬಸ್ಸಿನಲ್ಲಿದ್ದ ಹೆಂಗಸರೆಲ್ಲರೂ ಎದ್ದು ನಿಂತ್ರು. ಅವರಲ್ಲಿ ಇಬ್ಬರು ಹಿನಕಲ್‌ನಲ್ಲಿ ಇಳಿದೂ ಬಿಟ್ರು, ಅವರ ಮನೆ ಇದ್ದದ್ದು ಸರಸ್ವತಿಪುರಂನಲ್ಲಿ.

ನಾನಿಲ್ಲದ ದಿನ

ನಾದಿನಿ ಮಗಳ ನಾಮಕರಣಕ್ಕೆ ಅಂತ ಒಂದು ದಿನ ರಜೆ ಹಾಕಿದೆ. ಬಸ್ಸಿನವರಿಗೆ ಹೇಳೋದು ಮರೆತುಹೋಯ್ತು. ಅವತ್ತು ನನ್ನ ಭರವಸೆ ಮೇಲೆ ಎಲ್ಲರೂ ಮಾಮೂಲಿನಂತೆ ಮಲಗಿದ್ದಾರೆ. ಬಸ್ಸು ಹಿನಕಲ್ ದಾಟಿದೆ, ಸರಸ್ವತಿಪುರಂ ದಾಟಿದೆ, ಶ್ರೀರಾಂಪುರದ ಖಾಲಿ ಸೈಟಲ್ಲಿ ಹೊಂಗೆ ಮರದ ಕೆಳಗೆ ನಿಂತಿದೆ. ಡ್ರೈವರಣ್ಣ ಟೀ ಕುಡಿದು ವಾಪಸ್ ಬಂದು ನೋಡ್ತಾನೆ, ಬಸ್ಸು ತುಂಬಾ ಜನ.

ಎದ್ದವರೆಲ್ಲ ಅವನ ಮೇಲೆ ಬಿದ್ರಂತೆ. ಅವನು ತಣ್ಣಗೆ, ನನಗೆ ಸಂಬಳ ಕೊಡೋದು ಓಡಿಸೋದಕ್ಕೆ, ಎಬ್ಬಿಸೋದಕ್ಕಲ್ಲ ಅಂದನಂತೆ. ಎಲ್ಲಾ ಸ್ಟಾಪಲ್ಲೂ ನಿಲ್ಲಿಸಿದ್ದೆ, ಯಾರೂ ಇಳೀಲಿಲ್ಲ, ಎಲ್ಲರಿಗೂ ಶ್ರೀರಾಂಪುರದಲ್ಲಿ ಏನೋ ಫಂಕ್ಷನ್ ಇರಬೇಕು ಅಂದ್ಕೊಂಡೆ ಅಂತಲೂ ಸೇರಿಸಿದನಂತೆ. ನಾಮಕರಣದ ಮನೆಯಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳೋ ಹೊತ್ತಿಗೆ ನನ್ನ ಫೋನು ಬಿಡದೆ ಬಡಕೊಳ್ತಾ ಇತ್ತು. ಫಿಟ್ಟರಂತೂ, ರಜೆ ಹಾಕೋದಿದ್ರೆ ಮುಂಚೆ ತಿಳಿಸೋ ಪದ್ಧತಿ ಇಲ್ವಾ ನಿಮಗೆ ಅಂತ ಬೈದ್ರು. ಬೈಗುಳ ತಿಂದು ಖುಷಿಪಟ್ಟೋನು ಆ ದಿನ ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು.

ಕಾರ್ಖಾನೆಯಲ್ಲಿ ಏನಾಯ್ತು ಅಂತ ಕೇಳ್ತೀರಾ? ಮಾರನೇ ದಿನ ಸೂಪರ್‌ವೈಸರ್ ನನ್ನ ಹತ್ತಿರ ಬಂದು, "ನಿನ್ನೆ ಎಲ್ಲಾ ಸರಿಯಾಗಿತ್ತು ತಾನೆ?" ಅಂತ ನನ್ನನ್ನೇ ಕೇಳಿದ್ರು.

ಚಕ್ರದ ಕುರ್ಚಿ

ಇಂಥ ಕೆಲಸಕ್ಕೂ ಪ್ರಮೋಷನ್ ಇರುತ್ತೆ. ಮ್ಯಾನೇಜರ್ ಕರೆಸಿ, ಜನರಲ್ ಶಿಫ್ಟಿಗೆ ಬನ್ನಿ, ಬೆಳಿಗ್ಗೆ ಒಂಬತ್ತಕ್ಕೆ ಬಂದ್ರೆ ಸಾಕು, ಗಾಲಿ ಇರೋ ಕುರ್ಚಿ ಕೊಡ್ತೀವಿ ಅಂದ್ರು. ಕೆಲಸ ಏನು ಸಾರ್ ಅಂದೆ. ಎರಡು ದೀಪ ಅಂದ್ರು.

ಮನೆಯಲ್ಲಿ ಹೇಳಿದ್ದೇ ತಡ, ನನ್ನ ಹೆಂಡತಿಯ ಮುಖ ಅರಳಿತು. ಅವತ್ತೇ ಪಾಯಸ ಮಾಡಿದಳು. ನೆಂಟರ ಮುಂದೆ ಹೇಳಿಕೊಳ್ಳೋಕೆ ಒಂದು ಹುದ್ದೆ ಸಿಕ್ತಲ್ಲ ಅಂತ ಅವಳಿಗೆ ಖುಷಿ ಅಂದ್ಕೊಂಡೆ. ನನಗೆ ಮಾತ್ರ ಪಾಯಸ ರುಚಿಸಲಿಲ್ಲ. ಜನರಲ್ ಶಿಫ್ಟಿನವರಿಗೆ ಬೇರೆ ವ್ಯಾನು, ಅದರಲ್ಲಿ ಯಾರೂ ನಿದ್ದೆ ಮಾಡೋದಿಲ್ಲ, ಎಲ್ಲರೂ ಮೊಬೈಲ್ ನೋಡ್ತಾರೆ. ಅಲ್ಲಿ ನನ್ನಿಂದ ಯಾರಿಗೆ ಏನಾಗಬೇಕು? ಶುಕ್ರವಾರದೊಳಗೆ ಉತ್ತರ ಹೇಳಬೇಕಿತ್ತು.

ಹೆಂಡತಿ ಖುಷಿಗಾದ್ರೂ ಒಪ್ಪಿಕೊಳ್ಳೋಣ ಅಂದ್ಕೊಂಡು, ಬಸ್ಸಿನಲ್ಲಿ ಹೇಳೋಣ ಅಂತ ಎದ್ದು ನಿಂತು ಗಂಟಲು ಸರಿ ಮಾಡಿಕೊಂಡೆ. ನಾನು ಹೋಗ್ತಾ ಇದ್ದೀನಿ, ಇಷ್ಟು ದಿನ ಜೊತೆಗಿದ್ರಿ, ತುಂಬಾ ಉಪಕಾರ ಅಂತೆಲ್ಲ ಕಣ್ಣಲ್ಲಿ ನೀರು ತಂದುಕೊಂಡು ಮಾತಾಡಿದೆ. ಬಸ್ಸು ಪೂರ್ತಿ ಗೊರಕೆ. ಕೇಳಿಸಿಕೊಂಡವನು ಡ್ರೈವರ್ ಒಬ್ಬನೇ. ಅವನು ಕನ್ನಡಿಯಲ್ಲಿ ನೋಡಿ, "ಅಣ್ಣ, ಭಾಷಣ ಆಮೇಲೆ ಮಾಡಿ, ಹಿನಕಲ್ ದಾಟೋಯ್ತು" ಅಂದ.

ಎಬ್ಬಿಸೋರು

ಶುಕ್ರವಾರ ಬಂತು. ಅವತ್ತು ಕಾರ್ಖಾನೆಗೆ ಆಡಿಟ್‌ನವರು ಬರ್ತಾರೆ ಅಂತ ಮ್ಯಾನೇಜರು ನಮಗಿಂತ ಮುಂಚೆ ಬಂದಿದ್ರು. ಅವರ ಕಾರು ಗ್ಯಾರೇಜಿನಲ್ಲಿ. ಮಧ್ಯಾಹ್ನ ಆಡಿಟ್ ಮುಗಿಸಿ ಅವರೂ ನಮ್ಮ ಬಸ್ಸನ್ನೇ ಹತ್ತಿದ್ರು. ಅವರ ಮನೆ ಸರಸ್ವತಿಪುರಂನಲ್ಲಿ. ನನ್ನ ಪಕ್ಕದಲ್ಲೇ ಕೂತು ಏನು ತೀರ್ಮಾನ ಮಾಡಿದ್ರಿ ಅಂತ ಕೇಳಿದ್ರು. ಆ ಭಾಷಣದ ದಿನವೇ ಮನಸ್ಸು ಬದಲಾಗಿತ್ತು, ಬೇಡ ಸಾರ್ ಅಂದೆ. ಯಾಕ್ರೀ ಬೇಡ, ಕಾರಣ ಹೇಳಿ ಅಂದ್ರು. ನಾನು ಮೊದಲಿನಿಂದ ಶುರುಮಾಡಿ ಎಲ್ಲಾ ವಿವರಿಸಿ ತಿರುಗಿ ನೋಡ್ತೀನಿ, ಮ್ಯಾನೇಜರು ಬಾಯಿ ತೆರೆದು ನನ್ನ ಭುಜದ ಮೇಲೆ ಮಲಗಿದ್ದಾರೆ.

ಹಿನಕಲ್‌ನವರನ್ನ ಹೇಗೋ ಕೂತಲ್ಲಿಂದಲೇ ಕೂಗಿ ಇಳಿಸಿದೆ. ಸರಸ್ವತಿಪುರಂ ಹತ್ತಿರ ಬಂತು. ಅಲ್ಲಿ ಇಳಿಯೋರೆಲ್ಲ ಎದ್ದು ಸುತ್ತ ನಿಂತ್ರು. ಸಾಹೇಬರನ್ನ ಅಲುಗಾಡಿಸೋ ಧೈರ್ಯ ಯಾರಿಗೂ ಇಲ್ಲ. ಸಾಹೇಬ್ರು ಬಂದ್ರು ಅನ್ನೋಣ ಅಂದ್ರೆ ಬಂದಿರೋರು ಅವರೇ. ಹಾಲು ಉಕ್ತು ಅಂತ ಒಬ್ಬರು ಅಂದ್ರು, ಅವರು ಮಿಸುಕಲಿಲ್ಲ. ಲೋಡಿಂಗ್‌ನವನು ಬಿಸ್ಕತ್ತು ಬಿಚ್ಚಿ ನೋಡಿ ತಾನೇ ತಿಂದ. ಡ್ರೈವರ್ ಬಸ್ಸು ನಿಲ್ಲಿಸಿ ಹಾರನ್ ಹೊಡೆದ್ರೆ ಗೊರಕೆ ಇನ್ನೂ ಜೋರಾಯ್ತು. ಕೊನೆಗೆ ನಾನು ಅವರ ಕಿವಿ ಹತ್ತಿರ ಬಗ್ಗಿ ಮೆಲ್ಲಗೆ, "ಸಾರ್, ಕೆಂಪು ದೀಪ ಹತ್ತಿದೆ" ಅಂದೆ.

ಅವರು ಎದ್ದ ರಭಸಕ್ಕೆ ತಲೆ ಮೇಲಿನ ಕಂಬಿಗೆ ತಾಗಿತು. ಬ್ಯಾಗು ಎಳ್ಕೊಂಡು ಇಳಿದು ಎರಡು ಹೆಜ್ಜೆ ಓಡಿ, ಎದುರಿಗೆ ತಮ್ಮ ಮನೆ ಬೀದಿ ನೋಡಿ ನಿಂತ್ರು. ಇಷ್ಟು ವರ್ಷದಲ್ಲಿ ಆ ದೀಪದಿಂದ ಆದ ಉಪಯೋಗ ಅದೊಂದೇ. ಶನಿವಾರ ಅವರು ನನ್ನನ್ನ ಕರೆಸಿ, ಆ ಕುರ್ಚಿ ಬೇರೆಯವರಿಗೆ ಕೊಟ್ಟೆ, ನೀವು ಮೊದಲ ಶಿಫ್ಟಲ್ಲೇ ಇರಿ ಅಂದ್ರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಕಾರು ರೆಡಿಯಾಗೋಕೆ ಇನ್ನೊಂದು ವಾರ ಆಗುತ್ತೆ, ನಾನೂ ಬಸ್ಸಿಗೇ ಬರ್ತೀನಿ, ಎಬ್ಬಿಸೋಕೆ ಬೇರೆ ಏನಾದ್ರೂ ಮಾತು ಹುಡುಕಿ ಅಂದ್ರು.

ಗೆದ್ದೆ ಅಂತ ಹಿಗ್ಗಿಕೊಂಡು ಮನೆಗೆ ಹೋಗಿ ಹೆಂಡತಿಗೆ ಎಲ್ಲಾ ಹೇಳಿದೆ. ಅವಳು ಸೊಪ್ಪು ಬಿಡಿಸ್ತಾ ಕೇಳಿಸಿಕೊಂಡಳು. ನೆಂಟರು ಏನಾದ್ರೂ ಅಂದುಕೊಳ್ಳಲಿ ಕಣೇ, ಬಸ್ಸಲ್ಲಿ ನಾನಿಲ್ಲದಿದ್ರೆ ಒಬ್ಬರೂ ಸರಿಯಾಗಿ ಮನೆ ಸೇರೋದಿಲ್ಲ, ಅದು ನೋಡು ಕೆಲಸ ಅಂದ್ರೆ ಅಂತ ಅಂದೆ.

"ನೆಂಟರ ಮಾತು ಯಾರಿಗೆ ಬೇಕಾಗಿತ್ತು" ಅಂದಳು. "ಬೆಳಿಗ್ಗೆ ನಾಲ್ಕಕ್ಕೆ ನೀವು ಹೆಂಗೆ ಏಳ್ತೀರಿ, ಗೊತ್ತಾ?"

ನಾನೇ ಏಳ್ತೀನಿ, ಅಭ್ಯಾಸ ಆಗಿದೆ ಅಂದೆ.

"ಅಲಾರಂ ತಲೆ ಮೇಲೆ ಒಂದು ಕುಟ್ಟಿ ಮತ್ತೆ ಮಲಕ್ಕೊಳ್ತೀರಿ. ದಿನಾ ಕಿವಿಯಲ್ಲಿ ‘ಬಸ್ ಹೋಯ್ತು’ ಅಂತ ಹೇಳ್ತಾ ಇರೋಳು ನಾನು" ಅಂದಳು. ಅವಳು ನಗ್ತಾ ಸೊಪ್ಪಿನ ಬುಟ್ಟಿ ನನ್ನ ಕಡೆಗೆ ತಳ್ಳಿದಳು.

"ನೀವು ಊರನ್ನೆಲ್ಲ ಎಬ್ಬಿಸಿ, ಬೇಡ ಅನ್ನಲ್ಲ. ನಿಮ್ಮನ್ನ ಎಬ್ಬಿಸೋಳಿಗೆ ಜನರಲ್ ಶಿಫ್ಟು ಯಾವಾಗ, ಅದನ್ನ ನಿಮ್ಮ ಮ್ಯಾನೇಜರ್ ಹತ್ರ ಕೇಳ್ಕೊಂಡು ಬನ್ನಿ."